ಟಕ್ ಎನ್ನುವವರೆಗೆ ಒತ್ತಿ: ಮನೆಯಲ್ಲೇ ಮೊದಲ ಗೇಮಿಂಗ್ ಪಿಸಿ ಜೋಡಿಸುವ ಬಗೆ

2024ರ ಮೇ ತಿಂಗಳು. ಶಿವಮೊಗ್ಗದಲ್ಲಿ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಪಿಸಿಯ ಭಾಗಗಳೆಲ್ಲ ಕೂರುವ ಹಲಗೆಯಾದ ಮದರ್‌ಬೋರ್ಡ್ ಮಲಗಿತ್ತು. ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು. "ಹೊಸ ಡಿಡಿಆರ್5 ರ‍್ಯಾಮ್ ಮೊದಲ ಸಲ ಪಾಠ ಕಲಿಯಲು ಕೆಲವು ನಿಮಿಷ ಹಿಡಿಯುತ್ತದೆ, ಸುಮ್ಮನಿರು" ಎಂದು ಅಕ್ಕನ ಮಗನಿಗೆ ಗತ್ತಿನಿಂದ ಹೇಳಿದೆ. ಐದು ನಿಮಿಷವಾಯಿತು, ಹತ್ತಾಯಿತು. ಹದಿನೈದಾದಾಗ ಅವನು, "ಮಾಮ, ನಾನು ಪಿಯುಸಿಗೂ ಇಷ್ಟು ಹೊತ್ತು ಓದಿರಲಿಲ್ಲ" ಎಂದ.

ಬೋರ್ಡಿನ ಮೂಲೆಯಲ್ಲಿ ರ‍್ಯಾಮ್‌ನ ಹೆಸರು ಬರೆದ ಪುಟ್ಟ ದೀಪ ಉರಿಯುತ್ತಲೇ ಇತ್ತು. ರ‍್ಯಾಮ್ ಪಾಠ ಕಲಿಯುವಾಗಲೂ, ಅಂದರೆ ಬೋರ್ಡ್ ಅದಕ್ಕೆ ಹೊಂದಿಕೊಳ್ಳುವಾಗಲೂ, ಅದೇ ದೀಪ ಉರಿಯುವುದರಿಂದ ನಾನು ಮೋಸಹೋಗಿದ್ದೆ. ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಒಂದು ರ‍್ಯಾಮ್ ಪಟ್ಟಿಯ ಕೆಳತುದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ವಿದ್ಯುತ್ ತೆಗೆದು, ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದಿತು. ಮತ್ತೆ ಚಾಲೂ ಮಾಡಿದಾಗ ಎರಡೇ ನಿಮಿಷದಲ್ಲಿ ಪರದೆ ಬೆಳಗಿತು.

ಪಿಸಿ ಜೋಡಿಸಲು ಎಲೆಕ್ಟ್ರಾನಿಕ್ಸ್ ಓದಿರಬೇಕಾಗಿಲ್ಲ. ಬೆಸುಗೆ ಹಾಕುವುದಿಲ್ಲ, ತಂತಿ ಸುಲಿಯುವುದಿಲ್ಲ. ಹೆಚ್ಚಿನ ಭಾಗಗಳು ತಮ್ಮ ಜಾಗಕ್ಕಲ್ಲದೆ ಬೇರೆಡೆ ಕೂರುವುದೇ ಇಲ್ಲ. ಹೊಸಬರು ಎಡವುವುದು ಒಂದೇ ಕಡೆ: ಒತ್ತಬೇಕಾದಲ್ಲಿ ಹೆದರುತ್ತಾರೆ, ಒತ್ತಬಾರದಲ್ಲಿ ಒತ್ತುತ್ತಾರೆ. ಎಲ್ಲಿ ಬಲ ಬೇಕು, ಎಲ್ಲಿ ಬೇಡ ಎಂಬುದು ತಿಳಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಪರದೆಯಿಂದ ಲೆಕ್ಕ ಶುರುಮಾಡಿ

ಹೆಚ್ಚಿನವರು ಪ್ರೊಸೆಸರ್‌ನಿಂದ ಪಟ್ಟಿ ಆರಂಭಿಸುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಯಾವ ಆಟ ಆಡುತ್ತೀರಿ, ಯಾವ ಪರದೆಯಲ್ಲಿ ಆಡುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. 24 ಇಂಚಿನ, 1080ಪಿ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಮೊದಲ ಪಿಸಿಗೆ ಧಾರಾಳವಾಯಿತು. ಪರದೆ ನಿಶ್ಚಯವಾದರೆ ಗ್ರಾಫಿಕ್ಸ್ ಕಾರ್ಡ್ ನಿಶ್ಚಯವಾಗುತ್ತದೆ, ಉಳಿದದ್ದು ಅದರ ಹಿಂದೆ ಬರುತ್ತದೆ.

ನಾವು ಕೊಂಡದ್ದು ಇಷ್ಟು: ಎಎಂಡಿಯ ರೈಜನ್ 5 7600 ಪ್ರೊಸೆಸರ್, ಬಿ650 ಚಿಪ್‌ಸೆಟ್ಟಿನ ಮೈಕ್ರೊ ಎಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಪಟ್ಟಿಗಳು, ಆಟ, ಕಡತಗಳನ್ನು ಉಳಿಸಿಡುವ 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ವಿದ್ಯುತ್ ಹಂಚುವ 650 ವಾಟ್‌ನ ಎಸ್‌ಎಂಪಿಎಸ್, ಮುಂಭಾಗ ಜಾಲರಿಯಿರುವ ಕ್ಯಾಬಿನೆಟ್. ಮಾನಿಟರ್ ಬಿಟ್ಟು ಸುಮಾರು 80 ಸಾವಿರ ರೂಪಾಯಿ. ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಗ್ರಾಫಿಕ್ಸ್ ಕಾರ್ಡಿಗೇ ಹೋಯಿತು. ಗೇಮಿಂಗ್ ಪಿಸಿಯಲ್ಲಿ ಹಾಗೆಯೇ ಆಗಬೇಕು. ಈಗ ಕೊಳ್ಳುವವರಿಗೆ 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060 ಆ ಜಾಗದಲ್ಲಿದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ ನಮ್ಮ ಲೆಕ್ಕವನ್ನು ಹಾಗೆಯೇ ನಂಬಬೇಡಿ.

7600 ಆರಿಸಲು ನನಗೆ ಎರಡು ಕಾರಣಗಳಿದ್ದವು. ಅದು ಕೂರುವ ಎಎಂ5 ಸಾಕೆಟ್ಟನ್ನು ಮುಂದುವರಿಸುವುದಾಗಿ ಎಎಂಡಿ ಹೇಳಿತ್ತು, ಆಮೇಲೆ ಅದನ್ನು ಕನಿಷ್ಠ 2027ರವರೆಗೆ ಎಂದಿತು. ನಾಳೆ ಪ್ರೊಸೆಸರ್ ಮಾತ್ರ ಬದಲಿಸಿದರೆ ಸಾಕು. ಇನ್ನೊಂದು, ಅದರೊಳಗೇ ಚಿಕ್ಕ ಗ್ರಾಫಿಕ್ಸ್ ಇದೆ. ಆಟಕ್ಕೆ ಅದು ಸಾಲದು, ಆದರೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಮೊದಲೇ ಬೋರ್ಡನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ. ಇಂಟೆಲ್‌ನ ಐ5 12400ಎಫ್ ಥರದ, ಹೆಸರಿನ ತುದಿಯಲ್ಲಿ "ಎಫ್" ಇರುವ ಪ್ರೊಸೆಸರ್‌ಗಳಲ್ಲಿ ಈ ಸೌಲಭ್ಯವಿಲ್ಲ. ರೈಜನ್ 5 5600ರಲ್ಲೂ ಇಲ್ಲ. ಬಜೆಟ್ ಚಿಕ್ಕದಿದ್ದರೆ ಅವು ಒಳ್ಳೆಯ ಆಯ್ಕೆಗಳೇ, ಪರೀಕ್ಷೆಗೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು.

ಎಸ್‌ಎಂಪಿಎಸ್ ವಿಷಯದಲ್ಲಿ ಜುಗ್ಗತನ ಮಾಡಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಕ್ಯಾಬಿನೆಟ್ ಜೊತೆ "ಉಚಿತ" ಎಂದು ಬರುವ, ಎತ್ತಿದರೆ ಹಗುರವಾಗಿರುವ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ನಮ್ಮ ಪಟ್ಟಿಯ ಕಾರ್ಡ್ 115 ವಾಟ್ ಎಳೆಯುತ್ತದೆ, ಪ್ರೊಸೆಸರ್ ಹೆಚ್ಚೆಂದರೆ 88 ವಾಟ್, ಉಳಿದ ಸಾಮಾನಿಗೆ ಐವತ್ತೋ ಅರವತ್ತೋ. ಒಟ್ಟು ಮುನ್ನೂರು ದಾಟುವುದಿಲ್ಲ. ಹಾಗಾದರೆ 650 ಏಕೆ? ನಾಳೆ ದೊಡ್ಡ ಕಾರ್ಡ್ ಹಾಕುವ ಆಸೆಗೆ. ವಿದ್ಯುತ್ ಪೋಲು ಕಡಿಮೆ ಎಂದು ಸಾರುವ 80 ಪ್ಲಸ್ ಬ್ರಾಂಜ್ ಗುರುತು, ಐದು ವರ್ಷವಾದರೂ ವಾರಂಟಿ, ಈ ಎರಡನ್ನು ನೋಡಿ ತೆಗೆದುಕೊಳ್ಳಿ. ತಂತಿ ಬಿಚ್ಚಿ ಹಾಕುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಒಂದರ ತಂತಿಯನ್ನು ಇನ್ನೊಂದಕ್ಕೆ ಎಂದೂ ಹಾಕಬೇಡಿ. ತುದಿ ಒಂದೇ ಥರ ಕಂಡರೂ ಒಳಗಿನ ಜೋಡಣೆ ಬೇರೆ ಇರಬಹುದು. ಒಂದು ಕ್ಷಣದಲ್ಲಿ ಎಸ್‌ಎಸ್‌ಡಿ, ಬೋರ್ಡ್ ಎಲ್ಲವೂ ಸುಟ್ಟುಹೋಗುತ್ತವೆ.

ಎಸ್.ಪಿ. ರಸ್ತೆಯಲ್ಲಿ

ಬೆಂಗಳೂರಿನಲ್ಲಿದ್ದರೆ ಸಾದರ ಪತ್ರಪ್ಪ ರಸ್ತೆಗೆ ಒಮ್ಮೆ ಹೋಗಿ ಬನ್ನಿ. ಟೌನ್‌ಹಾಲ್‌ನಿಂದಲೂ ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದಲೂ ನಡೆದು ಹೋಗಬಹುದು. ಭಾನುವಾರ ಬಹಳಷ್ಟು ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹೊರಡುವ ಮುನ್ನ ಆನ್‌ಲೈನ್ ಬೆಲೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೂರು ಅಂಗಡಿಗಳಲ್ಲಿ ಇಡೀ ಪಟ್ಟಿಗೆ ದರ ಕೇಳಿ. ಬಿಡಿಬಿಡಿಯಾಗಿ ಕೇಳುವುದಕ್ಕಿಂತ ಒಟ್ಟಿಗೆ ಕೇಳಿದರೆ ಇಳಿಸುತ್ತಾರೆ.

"ಬಿಲ್ ಬೇಡವಾದರೆ ಇನ್ನೂ ಕಡಿಮೆ" ಎಂಬ ಮಾತು ಎಲ್ಲಾದರೂ ಕೇಳಿಬಂದರೆ ಎದ್ದು ಬನ್ನಿ. ಜಿಎಸ್‌ಟಿ 18 ಶೇಕಡಾ ಉಳಿಯಿತೆಂದು ಖುಷಿಪಟ್ಟವರು ಕಾರ್ಡ್ ಕೆಟ್ಟ ದಿನ ಸರ್ವಿಸ್ ಸೆಂಟರ್ ಮುಂದೆ ಬಿಲ್ ಇಲ್ಲದೆ ನಿಲ್ಲಬೇಕಾಗುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿ, ಪೆಟ್ಟಿಗೆಯ ಮೇಲಿನದಕ್ಕೂ ಕಾರ್ಡಿನ ಮೇಲಿನದಕ್ಕೂ ತಾಳೆ ನೋಡಿ. ಭಾರತದ ವಾರಂಟಿ ಉಂಟೇ ಎಂದು ಬಾಯಿಬಿಟ್ಟು ಕೇಳಿ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಕ್ಯಾಬಿನೆಟ್ಟಿನ ಒಂದು ಬದಿ ಟೆಂಪರ್ಡ್ ಗಾಜು. ಅದು ಮಧ್ಯದಲ್ಲಿ ಗಟ್ಟಿ, ಅಂಚಿನಲ್ಲಿ ನಾಜೂಕು. ಬಿಚ್ಚಿದ ಗಾಜನ್ನು ಟೈಲ್ಸ್ ನೆಲದ ಮೇಲೆ ಅಂಚೂರಿ ನಿಲ್ಲಿಸಿದರೆ ಪುಡಿಪುಡಿಯಾಗಿ ಸುರಿಯುತ್ತದೆ. ಬಿಚ್ಚಿದ ಕೂಡಲೇ ಹಾಸಿಗೆಯ ಮೇಲೆ ಮಲಗಿಸಿ.

ಮೊದಲು ಪೆಟ್ಟಿಗೆಯ ಹೊರಗೆ

ಬೇಕಾದ ಉಪಕರಣ ಒಂದೇ: ತುದಿಯಲ್ಲಿ ಅಯಸ್ಕಾಂತವಿರುವ ಸ್ಟಾರ್ ಸ್ಕ್ರೂಡ್ರೈವರ್. ತಿರುಪುಗಳನ್ನು ಹಾಕಿಡಲು ಒಂದೆರಡು ಸ್ಟೀಲ್ ಬಟ್ಟಲು, ಬೆಳಕಿಗೆ ಮೊಬೈಲು. ಮದರ್‌ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆಯನ್ನೇ ಮಣೆ ಮಾಡಿಕೊಂಡು ಅದರ ಮೇಲೆ ಬೋರ್ಡ್ ಇಡಿ. ಸ್ಥಿರವಿದ್ಯುತ್ತಿನ ಭಯ ಅತಿಯಾಗಿ ಬೇಡ. ನೈಲಾನ್, ಉಣ್ಣೆ ಬಟ್ಟೆ ತೊಡದೆ, ಜಮಖಾನದ ಮೇಲೆ ಕೂರದೆ, ಆಗಾಗ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟುತ್ತಿದ್ದರೆ ಸಾಕು.

ಪ್ರೊಸೆಸರ್ ಒತ್ತಬಾರದ ವಸ್ತು. ಎಎಂ5ರಲ್ಲಿ ಸಾವಿರದ ಏಳುನೂರು ಹದಿನೆಂಟು ಸಂಪರ್ಕ ಬಿಂದುಗಳಿದ್ದು, ಪಿನ್ನುಗಳೆಲ್ಲ ಬೋರ್ಡಿನ ಸಾಕೆಟ್ಟಿನಲ್ಲೇ ಇವೆ. ಸಾಕೆಟ್ಟಿನ ಒಳಗೆ ಬೆರಳು ತಾಗಿಸಲೇಬೇಡಿ. ಸನ್ನೆಕೋಲನ್ನು ಬದಿಗೆ ಸರಿಸಿ ಎತ್ತಿ, ಲೋಹದ ಚೌಕಟ್ಟು ತೆರೆಯಿರಿ. ಪ್ರೊಸೆಸರಿನ ಒಂದು ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಅಂಚು ಹಿಡಿದು ಮೆಲ್ಲಗೆ ಇಳಿಬಿಡಿ. ಅದು ತಾನಾಗಿ ಕೂರಬೇಕು. ಚೌಕಟ್ಟು ಮುಚ್ಚಿ ಸನ್ನೆಕೋಲನ್ನು ಕೆಳಗೆ ಒತ್ತುವಾಗ ಮಾತ್ರ ಸಾಕಷ್ಟು ಬಲ ಬೇಕು, ಕಿರ್ ಎಂಬ ಸದ್ದೂ ಬರಬಹುದು, ಗಾಬರಿ ಬೇಡ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಆಗ ತಾನೇ ಹಾರಿ ಬರುತ್ತದೆ. ಅದನ್ನು ಎತ್ತಿಡಿ, ಬೋರ್ಡನ್ನು ವಾರಂಟಿಗೆ ಕಳಿಸುವಾಗ ಕೇಳುತ್ತಾರೆ. ಹಳೆಯ ಎಎಂ4 ಆದರೆ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಯಡಿಯಲ್ಲಿ, ಎಚ್ಚರಿಕೆ ಅಲ್ಲಿರಲಿ.

ರ‍್ಯಾಮ್ ಒತ್ತಬೇಕಾದ ವಸ್ತು. ನಾಲ್ಕು ಜಾಗಗಳಿರುವ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ. ಪಟ್ಟಿಯ ಅಂಚಿನ ಕಚ್ಚು ಮಧ್ಯದಲ್ಲಿಲ್ಲ, ಆದ್ದರಿಂದ ತಿರುವುಮುರುವಾಗಿ ಕೂರುವುದಿಲ್ಲ. ಎರಡೂ ತುದಿಗಳ ಮೇಲೆ ಹೆಬ್ಬೆರಳಿಟ್ಟು ಒಂದಾದ ಮೇಲೊಂದರಂತೆ ಒತ್ತಿ. ಈಗಿನ ಅನೇಕ ಬೋರ್ಡುಗಳಲ್ಲಿ ಚಿಲಕ ಒಂದೇ ಬದಿಗಿದೆ. ಚಿಲಕವಿರುವ ತುದಿ ಟಕ್ ಎಂದ ಮಾತ್ರಕ್ಕೆ ಚಿಲಕವಿಲ್ಲದ ತುದಿ ಕೂತಿದೆ ಎಂದಲ್ಲ. ನಾನು ಮೋಸಹೋದದ್ದು ಅಲ್ಲಿಯೇ.

ಎಸ್‌ಎಸ್‌ಡಿ ಚೂಯಿಂಗ್ ಗಮ್ ಪಟ್ಟಿಯಷ್ಟೇ ಇದೆ. ಪ್ರೊಸೆಸರಿಗೆ ಹತ್ತಿರವಿರುವ ಎಂ.2 ಜಾಗಕ್ಕೆ ಮೂವತ್ತು ಡಿಗ್ರಿ ಓರೆಯಾಗಿ ತೂರಿಸಿ, ಮಲಗಿಸಿ, ತಿರುಪು ಹಾಕಿ. ಮೇಲಿನ ಲೋಹದ ಮುಚ್ಚಳದ ಅಡಿಯಲ್ಲಿ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಮರೆಯಬೇಡಿ.

ಇನ್ನು ಕೂಲರ್. 7600ರ ಪೆಟ್ಟಿಗೆಯಲ್ಲೇ ರೇತ್ ಸ್ಟೆಲ್ತ್ ಎಂಬ ಕೂಲರ್ ಬರುತ್ತದೆ. ಕೈಪಿಡಿಯ ಚಿತ್ರ ಚಿಕ್ಕದು, ಅದಕ್ಕೇ ವಿವರವಾಗಿ ಹೇಳುತ್ತೇನೆ. ಸಾಕೆಟ್ಟಿನ ಎರಡು ಬದಿಗೆ ಎರಡು ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಈ ಕೂಲರಿಗೆ ಅವು ಅಡ್ಡಿ. ನಾಲ್ಕು ತಿರುಪು ಬಿಚ್ಚಿ ಎರಡನ್ನೂ ತೆಗೆದುಬಿಡಿ. ಎಎಂ4 ಬೋರ್ಡಿನಲ್ಲಿ ಹೀಗೆ ಬಿಚ್ಚಿದಾಗ ಹಿಂಬದಿಯ ಲೋಹದ ಫಲಕ ಕಳಚಿ ಬೀಳುತ್ತದೆ, ಅದನ್ನು ಕೈಯಲ್ಲಿ ಹಿಡಿದಿರಬೇಕು; ಎಎಂ5ರಲ್ಲಿ ಬೀಳುವುದಿಲ್ಲ. ಕೂಲರಿನ ತಳದಲ್ಲಿ ಶಾಖವನ್ನು ಕೂಲರಿಗೆ ದಾಟಿಸುವ ಬೂದು ಬಣ್ಣದ ಥರ್ಮಲ್ ಪೇಸ್ಟ್ ಕಂಪನಿಯೇ ಹಚ್ಚಿರುತ್ತದೆ. ಅದಕ್ಕೆ ಬೆರಳು ತಾಗಿಸದೆ, ನೇರವಾಗಿ ಮೇಲಿನಿಂದ ಇಳಿಸಿ, ನಾಲ್ಕು ಸ್ಪ್ರಿಂಗ್ ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಎರಡೆರಡು ಸುತ್ತಿನಂತೆ ಬಿಗಿಯುತ್ತ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಎದುರಿನದು ದಾರಿಗೆ ಸಿಗುವುದಿಲ್ಲ. ತಿರುಪು ತಾನೇ ನಿಂತಾಗ ನಿಲ್ಲಿಸಿ. ಬೇರೆ ಕೂಲರ್ ಹಾಕುವವರು ಅಥವಾ ಇದನ್ನೇ ಬಿಚ್ಚಿ ಮತ್ತೆ ಹಾಕುವವರು ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ನಡುವೆ ಇಟ್ಟರೆ ಸಾಕು, ಒತ್ತಡಕ್ಕೆ ಅದೇ ಹರಡಿಕೊಳ್ಳುತ್ತದೆ. ಕೊನೆಗೆ ಕೂಲರಿನ ತಂತಿಯನ್ನು "ಸಿಪಿಯು ಫ್ಯಾನ್" ಎಂದು ಬರೆದ ಪಿನ್ನಿಗೆ ಹಾಕಿ.

ಈಗಲೇ ಒಮ್ಮೆ ಚಾಲೂ ಮಾಡಿ ನೋಡಿ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ, ತಂತಿ ಕಟ್ಟಿ, ಆಮೇಲೆ ತಪ್ಪು ಹುಡುಕುವುದು ಮದುವೆ ಮಂಟಪದಲ್ಲಿ ಜಾತಕ ನೋಡಿದ ಹಾಗೆ. ಎಸ್‌ಎಂಪಿಎಸ್‌ನಿಂದ ಅಗಲವಾದ 24 ಪಿನ್ನಿನ ತಂತಿ, ಸಿಪಿಯು ಎಂದು ಬರೆದ 8 ಪಿನ್ನಿನ ತಂತಿ, ಇವೆರಡನ್ನು ಬೋರ್ಡಿಗೆ ಹಾಕಿ. 24 ಪಿನ್ನಿನದಕ್ಕೆ ನಿಜವಾದ ಬಲ ಬೇಕು, ಕೊಕ್ಕೆ ಕಚ್ಚುವವರೆಗೆ ಒತ್ತಿ. ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಜೋಡಿಸಿ. ಪವರ್ ಸ್ವಿಚ್ಚಿನ ಎರಡು ಪಿನ್ನುಗಳು ಯಾವುವೆಂದು ಕೈಪಿಡಿಯಲ್ಲಿ ನೋಡಿಕೊಂಡು, ಸ್ಕ್ರೂಡ್ರೈವರಿನ ತುದಿಯಿಂದ ಅವೆರಡನ್ನೂ ಒಂದು ಕ್ಷಣ ಮುಟ್ಟಿಸಿ. ಫ್ಯಾನ್ ತಿರುಗುತ್ತದೆ. ಡಿಡಿಆರ್5 ಆದರೆ ಮೊದಲ ಸಲ ಐದಾರು ನಿಮಿಷ ಪರದೆ ಕಪ್ಪಾಗಿರುವುದು ಸಹಜ. ನನ್ನಂತೆ ಹದಿನೈದು ನಿಮಿಷ ಕಾಯಬೇಡಿ.

ಪರದೆ ಬರದಿದ್ದರೆ ಬೋರ್ಡಿನ ನಾಲ್ಕು ಪುಟ್ಟ ದೀಪಗಳೇ ವೈದ್ಯರು. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕರಲ್ಲಿ ಯಾವುದು ಉರಿದು ನಿಂತಿದೆಯೋ ದೋಷ ಆ ಕಡೆಗಿದೆ. ಒಂದೇ ರ‍್ಯಾಮ್ ಪಟ್ಟಿಯನ್ನು ಎರಡನೆಯ ಜಾಗದಲ್ಲಿಟ್ಟು ನೋಡುವುದು ನನ್ನ ಮೊದಲ ಮದ್ದು. ಹಳೆಯ ದಾಸ್ತಾನಿನ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದ್ದರೆ ಬಯಾಸ್, ಅಂದರೆ ಬೋರ್ಡಿನೊಳಗಿನ ಮೂಲ ತಂತ್ರಾಂಶ, ಹಳತಾಗಿರಬಹುದು. ಹಿಂಬದಿಯಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆದರೆ ಪೆನ್‌ಡ್ರೈವ್‌ನಿಂದಲೇ ಅದನ್ನು ಹೊಸದು ಮಾಡಬಹುದು.

ಕ್ಯಾಬಿನೆಟ್ಟಿನೊಳಗೆ

ಬೋರ್ಡನ್ನು ನೇರವಾಗಿ ತಗಡಿನ ಮೇಲೆ ಕೂರಿಸಬಾರದು. ತಗಡಿನ ಮೇಲೆ ಹಿತ್ತಾಳೆ ಬಣ್ಣದ ಪುಟ್ಟ ಕಾಲುಗಳಿರುತ್ತವೆ. ಬೋರ್ಡಿನ ತೂತುಗಳೆಷ್ಟೋ ಕಾಲುಗಳೂ ಅಷ್ಟೇ, ಅದೇ ಜಾಗದಲ್ಲೇ ಇರಬೇಕು. ತೂತಿಲ್ಲದ ಕಡೆ ಒಂದು ಕಾಲು ಉಳಿದಿದ್ದರೂ ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗುತ್ತದೆ. ಹಿಂಬದಿಯ ಪೋರ್ಟುಗಳ ಸುತ್ತ ಕೂರುವ ಐಒ ತಗಡು ಬಿಡಿಯಾಗಿ ಬಂದಿದ್ದರೆ ಅದನ್ನು ಮೊದಲೇ ಒತ್ತಿ ಕೂರಿಸಿ. ಇದನ್ನು ಮರೆತು ಇಡೀ ಬೋರ್ಡ್ ಮತ್ತೆ ಬಿಚ್ಚದವರು ನಮ್ಮಲ್ಲಿ ಕಡಿಮೆ. ಸಿಪಿಯು ತಂತಿಯನ್ನು ಮೇಲಿನ ಮೂಲೆಯ ಕಿಂಡಿಯಿಂದ ಬೋರ್ಡ್ ಹಾಕುವ ಮೊದಲೇ ತೂರಿಸಿಟ್ಟರೆ ಬೆರಳು ತರಚುವುದಿಲ್ಲ. ತಿರುಪುಗಳನ್ನು ಎರಡು ಬೆರಳ ಬಲದಲ್ಲಿ ಬಿಗಿದರೆ ಸಾಕು.

ಫ್ಯಾನುಗಳು ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ದೂಡಬೇಕು. ರೆಕ್ಕೆಗಳಿಗೆ ಅಡ್ಡಲಾಗಿ ಕಂಬಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ಎಸ್‌ಎಂಪಿಎಸ್ ಫ್ಯಾನ್ ಕೆಳಮುಖವಾಗಿರಲಿ, ತಳದಲ್ಲಿ ಜಾಲರಿ ಇದ್ದರೆ.

ಮುಂಭಾಗದ ಸಣ್ಣ ತಂತಿಗಳು ತಾಳ್ಮೆ ಪರೀಕ್ಷಿಸುತ್ತವೆ. ಪವರ್ ಮತ್ತು ರೀಸೆಟ್ ಸ್ವಿಚ್ಚುಗಳಿಗೆ ದಿಕ್ಕಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ದೀಪಗಳಿಗೆ ಮಾತ್ರ ಪ್ಲಸ್, ಮೈನಸ್ ಉಂಟು. ತಪ್ಪಿದರೆ ದೀಪ ಉರಿಯುವುದಿಲ್ಲ, ಅಷ್ಟೇ, ಏನೂ ಸುಡುವುದಿಲ್ಲ. ಯುಎಸ್‌ಬಿ 3ರ ದಪ್ಪ ತಂತಿಯ ಪಿನ್ನುಗಳು ಬೇಗ ಬಾಗುತ್ತವೆ; ಇಲ್ಲಿ ಬಲ ಬೇಡ, ನೇರ ಇರಲಿ.

ಗ್ರಾಫಿಕ್ಸ್ ಕಾರ್ಡ್ ಕೊನೆಗೆ. ಹಿಂಬದಿಯ ಎರಡು ಪಟ್ಟಿ ತೆಗೆದು, ಪ್ರೊಸೆಸರಿಗೆ ಹತ್ತಿರದ ಉದ್ದನೆಯ ಜಾಗಕ್ಕೆ ಕಾರ್ಡ್ ಒತ್ತಿ. ಇಲ್ಲೂ ಟಕ್ ಎನ್ನಬೇಕು. ತಿರುಪು ಹಾಕಿ, 8 ಪಿನ್ನಿನ ತಂತಿ ಜೋಡಿಸಿ. ಎಸ್‌ಎಂಪಿಎಸ್‌ನಲ್ಲಿ ಎರಡು ಬಗೆಯ 8 ಪಿನ್ ಇವೆ. ನಾಲ್ಕು ಮತ್ತು ನಾಲ್ಕಾಗಿ ಸೀಳಿದ್ದು ಪ್ರೊಸೆಸರಿನದು, ಆರು ಮತ್ತು ಎರಡಾಗಿ ಸೀಳಿದ್ದು ಕಾರ್ಡಿನದು. ಆರರ ಜೊತೆ ಎರಡನ್ನೂ ಸೇರಿಸಿ ಒಟ್ಟಿಗೇ ಒತ್ತಿ. ಮಾನಿಟರಿನ ತಂತಿಯನ್ನು ಈಗ ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿ. ಹಾಗೇ ಬಿಟ್ಟರೆ ಮೂವತ್ತು ಸಾವಿರದ ಕಾರ್ಡ್ ಒಳಗೆ ಸುಮ್ಮನೆ ಕುಳಿತು, ಆಟ ಕುಂಟುತ್ತ ಓಡುತ್ತದೆ.

ಗೋಡೆಯ ಪ್ಲಗ್

ಇದನ್ನು ಯಾರೂ ಹೇಳುವುದಿಲ್ಲ. ಕ್ಯಾಬಿನೆಟ್ಟಿನ ಲೋಹವನ್ನು ಬರಿಗಾಲಿನಲ್ಲಿ ನಿಂತು ಮುಟ್ಟಿದಾಗ ಕೈ ಜುಮ್ಮೆಂದರೆ, ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ. ಹೆಚ್ಚಾಗಿ ನಿಮ್ಮ ಸಾಕೆಟ್ಟಿಗೆ ಅರ್ತಿಂಗ್ ಇಲ್ಲ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಅತಿ ಸಣ್ಣ ಪ್ರಮಾಣದ ವಿದ್ಯುತ್ತನ್ನು ಲೋಹದ ಮೈಗೆ ಬಿಡುತ್ತವೆ. ಅರ್ತಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಅಕ್ಕನ ಮನೆಯಲ್ಲೂ ಹಾಗೆಯೇ ಇತ್ತು. ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಯಂತ್ರ ಮುಚ್ಚಿಟ್ಟೆವು, ಹುಡುಗನ ಮುಖ ನೋಡಬೇಕಿತ್ತು.

ಯುಪಿಎಸ್ ಕೊಳ್ಳುವಾಗ ವಿಎ ನೋಡಿ ಮರುಳಾಗಬೇಡಿ, ವಾಟ್ ನೋಡಿ. ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು 360 ವಾಟ್ ಮಾತ್ರ. ಮಾನಿಟರನ್ನೂ ಸೇರಿಸಿದರೆ ಅಂಚಿಗೆ ಬರುತ್ತದೆ. 1000 ವಿಎ ಮೇಲಿನದು ನೆಮ್ಮದಿ. ಮಲೆನಾಡಿನ ಸಿಡಿಲಿಗೆ ಮಾತ್ರ ಯಾವ ಯುಪಿಎಸ್ಸೂ ಭರವಸೆಯಲ್ಲ. ಗುಡುಗು ಕೇಳಿದರೆ ಪ್ಲಗ್ ಕಿತ್ತುಬಿಡಿ, ಇಂಟರ್‌ನೆಟ್ಟಿನ ತಂತಿಯನ್ನೂ.

ವಿಂಡೋಸ್ ಮತ್ತು ಉಳಿದದ್ದು

8 ಜಿಬಿ ಪೆನ್‌ಡ್ರೈವಿನಲ್ಲಿ ಮೈಕ್ರೊಸಾಫ್ಟ್‌ನ ತಾಣದಿಂದಲೇ ವಿಂಡೋಸ್ 11 ಇಳಿಸಿಕೊಂಡು ಹಾಕಿ. ಅನುಸ್ಥಾಪನೆ ಇಂಟರ್‌ನೆಟ್ ಕೇಳುತ್ತದೆ, ಹೊಸ ಬೋರ್ಡಿನ ವೈಫೈಗೆ ಆಗಿನ್ನೂ ಡ್ರೈವರ್ ಇರುವುದಿಲ್ಲ. ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಕೊಟ್ಟರೆ ಸಾಮಾನ್ಯವಾಗಿ ದಾರಿಯಾಗುತ್ತದೆ. ನಂತರ ಬೋರ್ಡಿನ ಚಿಪ್‌ಸೆಟ್ ಡ್ರೈವರ್, ಕಾರ್ಡಿನ ಡ್ರೈವರ್ ಹಾಕಿಕೊಳ್ಳಿ. ವ್ಯಾಲರಂಟ್ ಆಡುವವರು ಬಯಾಸಿನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಚಾಲೂ ಇವೆಯೇ ನೋಡಿ. ವಿಂಡೋಸ್ 11ರಲ್ಲಿ ಅವಿಲ್ಲದೆ ಆ ಆಟ ತೆರೆಯುವುದೇ ಇಲ್ಲ.

ಬಯಾಸಿಗೆ ಹೋದಾಗಲೇ ಇನ್ನೊಂದು ಕೆಲಸ ಮುಗಿಸಿ. ಪೆಟ್ಟಿಗೆಯ ಮೇಲೆ 6000 ಎಂದು ಬರೆದ ರ‍್ಯಾಮ್ ಮೊದಲಿಗೆ 4800ರಲ್ಲೇ ಓಡುತ್ತಿರುತ್ತದೆ. ಎಕ್ಸ್‌ಪೊ ಎಂಬುದನ್ನು ಚಾಲೂ ಮಾಡಿದರೆ ಮಾತ್ರ ದುಡ್ಡು ಕೊಟ್ಟ ವೇಗ ಸಿಗುತ್ತದೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಎಕ್ಸ್‌ಎಂಪಿ.

ಆಟದ ನಡುವೆ ಪ್ರೊಸೆಸರ್ 80 ಡಿಗ್ರಿ ಮುಟ್ಟಿದರೆ ಹೆದರಬೇಡಿ, 7600ರ ಮಿತಿ 95. ಬೇಸಿಗೆಯಲ್ಲಿ ಫ್ಯಾನಿನ ಸದ್ದು ಹೆಚ್ಚಾಯಿತೆನಿಸಿದರೆ ಬಯಾಸಿನಲ್ಲಿ ಪ್ರೊಸೆಸರಿನ ವಿದ್ಯುತ್ ಬಳಕೆ ತಗ್ಗಿಸುವ ಇಕೊ ಮೋಡ್ ಹಾಕಿ. ಆಟದಲ್ಲಿ ವ್ಯತ್ಯಾಸ ಕಾಣುವುದು ಕಷ್ಟ. ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಿರಿ. ಆಯುಧಪೂಜೆಯ ದಿನ ಅಕ್ಕ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಲು ಬಂದಾಗ, ಜಾಲರಿ ಬಿಟ್ಟು ಗಾಜಿನ ಮೂಲೆಗೆ ಹಚ್ಚು ಎಂದಷ್ಟೇ ಕೇಳಿಕೊಂಡೆ. ಪುಡಿ ಒಳಗೆ ಹೋದರೆ ಕೂಲರಿನ ರೆಕ್ಕೆಗಳಲ್ಲಿ ಕೂರುತ್ತದೆ.

ಎಲ್ಲ ಮುಗಿಸಿ ನಾನು ಬೆಂಗಳೂರಿಗೆ ಮರಳಿದ ಮೂರನೆಯ ದಿನ ಅವನ ಫೋನ್ ಬಂತು. "ಮಾಮ, ಆಟ ಚೆನ್ನಾಗಿದೆ, ಆದರೆ ಗೆಳೆಯನ ಮನೆಯಷ್ಟು ನಯವಾಗಿ ಓಡುತ್ತಿಲ್ಲ." ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ರಿಫ್ರೆಶ್ ರೇಟ್ ನೋಡಲು ಹೇಳಿದೆ. 144 ಹರ್ಟ್ಸ್ ಮಾನಿಟರ್ ಮೂರು ದಿನವೂ 60ರಲ್ಲೇ ಓಡಿತ್ತು.